ಎಐಡಿ ಮುಟ್ಟದ ಅಕ್ಷರವೂ ಬದಲಾಗುವುದು ಹೇಗೆ?

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಪ್ರತಿಕಾಯದ ಜೀನ್‌ಗಳಲ್ಲಿ ನಮ್ಮ ದೇಹ ಬೇಕೆಂದೇ ಮ್ಯುಟೇಶನ್ ಮಾಡಿಕೊಳ್ಳುತ್ತದೆ, ಎಐಡಿ ಎಂಬ ಕಿಣ್ವ ಡಿಎನ್‌ಎಯ ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಲ್ಲಿ ಸಿ ಅಕ್ಷರವನ್ನು ಯು ಮಾಡುವುದರಿಂದ ಅದು ಶುರುವಾಗುತ್ತದೆ ಎಂದು ಹೇಳಿಕೊಟ್ಟೆ. ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಎಐಡಿ ಮುಟ್ಟುವುದು ಸಿ ಒಂದನ್ನೇ ಆದರೆ ಎ ಮತ್ತು ಟಿ ಯಾಕೆ ಬದಲಾಗುತ್ತವೆ ಮೇಡಂ?" ಎಂದಳು. ಉತ್ತರ ಹುಡುಕಿದಾಗ "ಡಿಎನ್‌ಎ ಹಾನಿ ಸಹಿಷ್ಣುತೆ" ಎಂಬ ಮಾತು ಸಿಕ್ಕಿತು. ಹಾನಿಯನ್ನು ಸಹಿಸಿಕೊಳ್ಳುವುದಕ್ಕೂ ಪ್ರತಿಕಾಯಕ್ಕೂ ಏನು ಸಂಬಂಧ? ಇದರಿಂದ ಕ್ಯಾನ್ಸರ್ ಬರುವುದಿಲ್ಲವೇ?

ಉತ್ತರ: ಮೇಡಂ, ಮೊದಲು ಆ ಹುಡುಗಿಗೆ ಶಹಭಾಸ್ ಹೇಳಿ. ಅವಳು ಕೇಳಿದ ಪ್ರಶ್ನೆಗೇ ಉತ್ತರ ಹುಡುಕುತ್ತಾ ಎಷ್ಟೋ ಪ್ರಯೋಗಾಲಯಗಳು ವರ್ಷಗಟ್ಟಲೆ ದುಡಿದಿವೆ. ಮನುಷ್ಯರಲ್ಲೂ ಇಲಿಗಳಲ್ಲೂ ಪ್ರತಿಕಾಯದ ಜೀನ್‌ನಲ್ಲಿ ಕಾಣುವ ಬದಲಾವಣೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎ-ಟಿ ಜೋಡಿಗಳ ಮೇಲೆ ಬಿದ್ದಿರುತ್ತವೆ (ಡಿಎನ್‌ಎಯ ಎರಡು ಎಳೆಗಳಲ್ಲಿ ಎ ಎದುರಿಗೆ ಟಿ, ಸಿ ಎದುರಿಗೆ ಜಿ ಕೂರುತ್ತದೆ). ಎಐಡಿ ಆ ಜೋಡಿಗಳ ತಂಟೆಗೇ ಹೋಗುವುದಿಲ್ಲ.

ಉತ್ತರ ಒಂದೇ ಸಾಲಿನಲ್ಲಿ ಬೇಕೆಂದರೆ ಹೀಗೆ: ಎಐಡಿ ಗಾಯ ಮಾಡುತ್ತದೆ, ಅಷ್ಟೆ. ಆ ಗಾಯ ಇದ್ದರೂ ಕೋಶ ಹೇಗೆ ಮುಂದೆ ಬರೆದುಕೊಂಡು ಹೋಗುತ್ತದೆ ಎನ್ನುವುದರಿಂದ ಬಹುಪಾಲು ಅಕ್ಷರಗಳು ಬದಲಾಗುತ್ತವೆ. ಇದನ್ನು ಬಿಡಿಸಿ ಹೇಳುತ್ತೇನೆ.

"ಸಹಿಷ್ಣುತೆ" ಎಂಬ ಪದದಿಂದಲೇ ಶುರು ಮಾಡೋಣ. ಹಳೆಯ ತಾಳೆಗರಿಯ ಕಟ್ಟುಗಳನ್ನು ನೀವು ನೋಡಿರಬಹುದು. ಗರಿ ಹಾಳಾಗುತ್ತಾ ಬಂದಾಗ ಅದನ್ನು ಹೊಸ ಗರಿಗೆ ನಕಲು ಮಾಡುತ್ತಿದ್ದರು. ಲಿಪಿಕಾರ ಕಬ್ಬಿಣದ ಕಂಟ ಹಿಡಿದು ಬರೆಯುತ್ತಾ ಹೋಗುತ್ತಾನೆ. ನಡುವೆ ಒಂದು ಕಡೆ ಹುಳ ತಿಂದು ತೂತು ಬಿದ್ದಿದೆ. ಅಕ್ಷರ ಕಾಣುತ್ತಿಲ್ಲ. ಅವನು ಅಲ್ಲೇ ಕೈಕಟ್ಟಿ ಕೂತರೆ ಗ್ರಂಥ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಅವನಿಗೆ ಇರುವುದು ಎರಡು ದಾರಿ. ಇಲ್ಲಿ ಈ ಅಕ್ಷರ ಇದ್ದಿರಬಹುದು ಎಂದು ಊಹಿಸಿ ಬರೆದು ಮುಂದೆ ಹೋಗುವುದು ಒಂದು. ಅದೇ ಗ್ರಂಥದ ಬೇರೆ ಪ್ರತಿ ಎಲ್ಲಾದರೂ ಇದ್ದರೆ ಅದನ್ನು ನೋಡಿ ಬರೆಯುವುದು ಇನ್ನೊಂದು. ಎರಡರಲ್ಲೂ ಹಳೆಯ ಗರಿಯ ತೂತು ಹಾಗೆಯೇ ಇರುತ್ತದೆ. ಯಾರೂ ಅದನ್ನು ಮುಚ್ಚಲಿಲ್ಲ. ಆದರೆ ನಕಲು ಮಾತ್ರ ಪೂರ್ತಿಯಾಯಿತು.

ಕೋಶ ಮಾಡುವುದೂ ಇದನ್ನೇ. ಡಿಎನ್‌ಎಯನ್ನು ದಿನನಿತ್ಯ ನಕಲು ಮಾಡುವ ಪಾಲಿಮರೇಸ್‌ಗಳು ಬಹಳ ಕಟ್ಟುನಿಟ್ಟು. ಕೆಟ್ಟ ಅಕ್ಷರ ಎದುರಾದರೆ ನಿಂತುಬಿಡುತ್ತವೆ. ಜಾಸ್ತಿ ಹೊತ್ತು ನಿಂತರೆ ಎಳೆ ತುಂಡಾಗುತ್ತದೆ, ಕೋಶ ಸಾಯಲೂಬಹುದು. ಆದ್ದರಿಂದ ಹಾನಿಯನ್ನು ಸರಿಮಾಡದೆ, ಅದು ಇದ್ದಂತೆಯೇ ದಾಟಿಕೊಂಡು ಹೋಗುವ ಏರ್ಪಾಡು ಪ್ರತಿ ಕೋಶದಲ್ಲೂ ಇದೆ. ಇದೇ ಹಾನಿ ಸಹಿಷ್ಣುತೆ. ಊಹಿಸಿ ಬರೆಯುವ ದಾರಿಗೆ ಟ್ರಾನ್ಸ್‌ಲೀಷನ್ ಸಿಂಥೆಸಿಸ್ ಎನ್ನುತ್ತಾರೆ. ಪಕ್ಕದ ಪ್ರತಿ ನೋಡಿ ಬರೆಯುವುದಕ್ಕೆ ಟೆಂಪ್ಲೇಟ್ ಸ್ವಿಚ್ಚಿಂಗ್ ಎನ್ನುತ್ತಾರೆ. ರಿಪೇರಿ ಬೇರೆ, ಸಹಿಷ್ಣುತೆ ಬೇರೆ. ತರಗತಿಯಲ್ಲಿ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಮಕ್ಕಳಿಗೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಇನ್ನು ಪ್ರತಿಕಾಯಕ್ಕೆ ಬರೋಣ. ಸೋಂಕು ತಗುಲಿದಾಗ ಅಥವಾ ಲಸಿಕೆ ಹಾಕಿಸಿಕೊಂಡಾಗ ಮೊದಲು ಹೊರಬರುವ ಪ್ರತಿಕಾಯಗಳು ರೋಗಾಣುವಿಗೆ ಸುಮಾರಾಗಿ ಅಂಟುತ್ತವೆ. ವಾರಗಳು ಕಳೆದಂತೆ ಇನ್ನೂ ಬಿಗಿಯಾಗಿ ಅಂಟುವಂಥವು ಬರುತ್ತವೆ. ಹರ್ಮನ್ ಐಸನ್ ಮತ್ತು ಗ್ರೆಗರಿ ಸಿಸ್ಕೈಂಡ್ 1964ರಲ್ಲೇ ಮೊಲಗಳಲ್ಲಿ ಇದನ್ನು ತೋರಿಸಿದ್ದರು. ಈ ಕೆಲಸ ನಡೆಯುವುದು ದುಗ್ಧಗ್ರಂಥಿಗಳ ಒಳಗಿನ ಜರ್ಮಿನಲ್ ಸೆಂಟರ್ ಎಂಬ ಜಾಗದಲ್ಲಿ. ಅಲ್ಲಿ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಒಂದೇ ಸಮನೆ ಒಡೆದು ಎರಡಾಗುತ್ತಿರುತ್ತವೆ. ಒಡೆಯುವಾಗ ಪ್ರತಿಕಾಯದ ಜೀನ್‌ನಲ್ಲಿ ಅಕ್ಷರಗಳು ಬದಲಾಗುತ್ತವೆ. ಬದಲಾದದ್ದು ಚೆನ್ನಾಗಿ ಅಂಟಿದರೆ ಆ ಕೋಶ ಉಳಿಯುತ್ತದೆ. ಇಲ್ಲದಿದ್ದರೆ ಸಾಯುತ್ತದೆ. ಬಹುಪಾಲು ಸಾಯುತ್ತವೆ.

ಎಷ್ಟು ವೇಗವಾಗಿ ಬದಲಾಗುತ್ತವೆ? ಸಾಮಾನ್ಯ ಕೋಶದಲ್ಲಿ ಒಂದು ಸಲ ನಕಲು ಮಾಡುವಾಗ ಉಳಿದುಬಿಡುವ ತಪ್ಪು ಸುಮಾರು ನೂರು ಕೋಟಿ ಅಕ್ಷರಕ್ಕೆ ಒಂದು. ಪ್ರತಿಕಾಯದ ಜೀನ್‌ನ ಮುಖ್ಯ ತುಂಡಿನಲ್ಲಿ, ಅಂದರೆ ರೋಗಾಣುವನ್ನು ಹಿಡಿಯುವ ವಿ ಭಾಗದಲ್ಲಿ, ಸುಮಾರು ಸಾವಿರ ಅಕ್ಷರಕ್ಕೆ ಒಂದು. ಹತ್ತು ಲಕ್ಷ ಪಟ್ಟು ಜಾಸ್ತಿ! ಎಚ್‌ಐವಿಯ ಹಲವು ತಳಿಗಳನ್ನು ಒಟ್ಟಿಗೆ ತಡೆಯಬಲ್ಲ ವಿಆರ್‌ಸಿ01 ಎಂಬ ಪ್ರತಿಕಾಯವಿದೆ. ಪ್ರತಿಕಾಯ ಕಟ್ಟಿರುವುದು ಭಾರದ, ಹಗುರ ಎಂಬ ಎರಡು ಬಗೆಯ ಪ್ರೋಟೀನ್ ಸರಪಳಿಗಳಿಂದ. ವಿಆರ್‌ಸಿ01ರ ಭಾರದ ಸರಪಳಿಯ ಈ ತುಂಡಿನಲ್ಲಿ ಸುಮಾರು 30% ಅಕ್ಷರಗಳು ಹುಟ್ಟಿನ ಅಕ್ಷರಗಳಾಗಿ ಉಳಿದೇ ಇಲ್ಲ.

ಇದು ಹೇಗೆ ಸಾಧ್ಯ ಎಂದು ಮೊದಲು ಸರಿಯಾಗಿ ಊಹಿಸಿದವರು ಸಿಡ್ನಿ ಬ್ರೆನ್ನರ್ ಮತ್ತು ಸೀಸರ್ ಮಿಲ್‌ಸ್ಟೈನ್. ಅದು 1966. ಯಾವುದೋ ಕಿಣ್ವ ಪ್ರತಿಕಾಯದ ಜೀನ್‌ನ ಎಳೆಯನ್ನು ಬೇಕೆಂದೇ ಕತ್ತರಿಸುತ್ತದೆ, ಆಮೇಲೆ ಅದನ್ನು ತುಂಬುವ ಪಾಲಿಮರೇಸ್ ತಪ್ಪು ಅಕ್ಷರ ಹಾಕುತ್ತದೆ ಎಂದರು. ಪ್ರತಿಕಾಯದ ಜೀನ್‌ನ ಅಕ್ಷರಗಳನ್ನು ನೇರವಾಗಿ ಓದುವ ವಿಧಾನವೇ ಆಗ ಇರಲಿಲ್ಲ. ತಪ್ಪು ಹಾಕುವ ಪಾಲಿಮರೇಸ್‌ಗಳೂ ಮನುಷ್ಯರಲ್ಲಿ ಗೊತ್ತಿರಲಿಲ್ಲ. ಗಾಯ ಒಬ್ಬರದು, ತಪ್ಪು ಇನ್ನೊಬ್ಬರದು ಎಂದು ಅವರು ಬೇರೆಬೇರೆ ಮಾಡಿ ನೋಡಿದ್ದೇ ದೊಡ್ಡದು. ಈ ವಿಷಯದ ಬಗ್ಗೆ ಮಾತಾಡುವಾಗಲೆಲ್ಲ ನನಗೆ ಆ ಲೇಖನ ನೆನಪಾಗುತ್ತದೆ.

ಗಾಯ ಮಾಡುವ ಕಿಣ್ವ ಸಿಕ್ಕಿದ್ದು 1999ರಲ್ಲಿ, ಕ್ಯೋಟೋದ ತಾಸುಕು ಹೊಂಜೊ ಅವರ ಪ್ರಯೋಗಾಲಯದಲ್ಲಿ. ಅದೇ ಎಐಡಿ. ಕೇವಲ 198 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನ್. ಹುಟ್ಟಿನಿಂದಲೇ ಇದು ಕೆಲಸ ಮಾಡದ ಮಕ್ಕಳಿದ್ದಾರೆ. ಅವರಲ್ಲಿ ಈ ಮ್ಯುಟೇಶನ್ ನಡೆಯುವುದಿಲ್ಲ, ಮೊದಲು ಬರುವ ಐಜಿಎಂ ಎಂಬ ಬಗೆಯ ಪ್ರತಿಕಾಯ ಐಜಿಜಿ ಎಂಬ ಬಗೆಯಾಗಿಯೂ ಬದಲಾಗುವುದಿಲ್ಲ. ಮೇಲಿಂದ ಮೇಲೆ ಸೋಂಕು ತಗುಲುತ್ತದೆ, ದುಗ್ಧಗ್ರಂಥಿಗಳು ಊದಿಕೊಳ್ಳುತ್ತವೆ. ಎಐಡಿ ನೇರವಾಗಿ ಡಿಎನ್‌ಎ ಮೇಲೆಯೇ ಕೆಲಸ ಮಾಡುತ್ತದೆಯೇ ಎಂಬ ಬಗ್ಗೆ ಕೆಲವು ವರ್ಷ ದೊಡ್ಡ ಚರ್ಚೆ ನಡೆಯಿತು. ಕೇಂಬ್ರಿಜ್‌ನಲ್ಲಿ ಮೈಕೆಲ್ ನ್ಯೂಬರ್ಗರ್ ಮತ್ತು ಸಂಗಡಿಗರು 2002ರಲ್ಲಿ ಎಐಡಿಯನ್ನು ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ಹಾಕಿ ನೋಡಿದರು. ಅಲ್ಲೂ ಸಿ-ಜಿ ಜೋಡಿಗಳು ಬದಲಾದವು. ಪ್ರತಿಕಾಯವೇ ಇಲ್ಲದ ಜೀವಿಯಲ್ಲೂ ಅದು ಡಿಎನ್‌ಎ ಅಕ್ಷರವನ್ನು ಬದಲಿಸಬಲ್ಲದು ಎಂದಾಯಿತು.

ಇಲ್ಲಿಂದ ಮುಂದೆ ಸುಮ್ನೆ ಹೆಸರುಗಳ ಸಾಲು ಹೇಳುವುದಕ್ಕಿಂತ ಒಂದು ನಿಜವಾದ ಜೀನ್‌ನ ತುಂಡನ್ನೇ ಹತ್ತಿರದಿಂದ ನೋಡೋಣ. ಮನುಷ್ಯರಲ್ಲಿ ತುಂಬಾ ಬಳಕೆಯಾಗುವ ಒಂದು ಪ್ರತಿಕಾಯ ಜೀನ್ ವಿಎಚ್3-23. ಅದರಲ್ಲಿ ವೈರಾಣುವನ್ನು ಹಿಡಿಯುವ ಮೊದಲ ಬೆರಳಿನಂಥ ಜಾಗದಲ್ಲಿ ಹೀಗೆ ಇದೆ: ಎಜಿಸಿ, ಎಜಿಸಿ, ಟಿಎಟಿ, ಜಿಸಿಸಿ, ಎಟಿಜಿ, ಎಜಿಸಿ. ಪ್ರೋಟೀನ್ ಭಾಷೆಯಲ್ಲಿ ಸೆರಿನ್, ಸೆರಿನ್, ಟೈರೊಸಿನ್, ಅಲನಿನ್, ಮೆಥಿಯೊನಿನ್, ಸೆರಿನ್.

ನಮಗೆ ಬೇಕಾದದ್ದು ನಡುವಿನ ಎಜಿಸಿ-ಟಿಎಟಿ. ಎಜಿಸಿ ಎಂಬ ಮೂರಕ್ಷರ ಕಂಡರೆ ಎಐಡಿಗೆ ಬಲು ಪ್ರೀತಿ. ಸೆರಿನ್ ಬರೆಯಲು ಆರು ಬಗೆಯ ಮೂರಕ್ಷರಗಳಿವೆ. ಆದರೆ ಪ್ರತಿಕಾಯದ ಹಿಡಿಯುವ ಬೆರಳುಗಳಲ್ಲಿ ಎಜಿಸಿಯಂಥವು ಜಾಸ್ತಿ. ಪ್ರತಿಕಾಯವನ್ನು ನೆಟ್ಟಗೆ ನಿಲ್ಲಿಸುವ ಭಾಗಗಳಲ್ಲಿ ಟಿಸಿಯಿಂದ ಶುರುವಾಗುವವು ಜಾಸ್ತಿ. ಬದಲಾಗಬೇಕಾದ ಕಡೆ ಎಐಡಿಗೆ ಇಷ್ಟವಾದ ಅಕ್ಷರ, ಬದಲಾಗಬಾರದ ಕಡೆ ಇಷ್ಟವಿಲ್ಲದ ಅಕ್ಷರ! ಕೋಟ್ಯಂತರ ವರ್ಷಗಳ ಆಯ್ಕೆ ಅಲ್ಲಿ ಕೂತಿದೆ.

ಎಐಡಿ ಬಂತು. ಎಜಿಸಿಯ ಕೊನೆಯ ಸಿ ಈಗ ಯು ಆಯಿತು. ಡಿಎನ್‌ಎಯಲ್ಲಿ ಯು ಇರಬಾರದು. ಅದರ ಎದುರಿಗೆ ಇನ್ನೂ ಜಿ ಕೂತಿದೆ. ಇಲ್ಲಿಂದ ಮೂರು ಕವಲು.

ಮೊದಲನೆಯದು ಸರಳ. ಯಾರೂ ಏನೂ ಮಾಡಲಿಲ್ಲ, ಕೋಶ ನಕಲಿಗೆ ಇಳಿಯಿತು ಅಂದುಕೊಳ್ಳಿ. ದಿನನಿತ್ಯದ ಪಾಲಿಮರೇಸ್‌ಗೆ ಯು ಟಿಯಂತೆಯೇ ಕಾಣುತ್ತದೆ. ಎದುರಿಗೆ ಎ ಹಾಕುತ್ತದೆ. ಮುಂದಿನ ತಲೆಮಾರಿನಲ್ಲಿ ಎಜಿಸಿ ಇದ್ದದ್ದು ಎಜಿಟಿ ಆಗುತ್ತದೆ. ಆದರೆ ಎಜಿಟಿ ಕೂಡ ಸೆರಿನ್ನೇ! ಅಕ್ಷರ ಬದಲಾಯಿತು, ಪ್ರತಿಕಾಯ ಒಂದಿಷ್ಟೂ ಬದಲಾಗಲಿಲ್ಲ. ಎಐಡಿ ಪಟ್ಟ ಶ್ರಮ ಈ ಜಾಗದಲ್ಲಿ ಪೂರ್ತಿ ನೀರಪಾಲು. ಎದುರು ಎಳೆಯ ಸಿ ಮೇಲೆ ಬಿದ್ದಿದ್ದರೆ ಎಎಸಿ ಆಗಿ ಆಸ್ಪರಾಜಿನ್ ಬರುತ್ತಿತ್ತು, ಅದು ಬೇರೆ ಮಾತು.

ಎರಡನೆಯ ಕವಲಿನಲ್ಲಿ ಸಹಿಷ್ಣುತೆ ಒಳಗೆ ಬರುತ್ತದೆ. ಯುಎನ್‌ಜಿ ಎಂಬ ಕಿಣ್ವ ಯು ಅಕ್ಷರವನ್ನು ಕಿತ್ತು ಹಾಕುತ್ತದೆ. ಬೆನ್ನೆಲುಬು ಇದೆ, ಅಕ್ಷರ ಇಲ್ಲ. ತಾಳೆಗರಿಯಲ್ಲಿ ಹುಳ ತಿಂದ ತೂತು ಅಂದೆನಲ್ಲ, ಅದೇ ಇದು. ಬೇರೆ ಕೋಶಗಳಲ್ಲಿ ಈ ತೂತನ್ನು ತಕ್ಷಣ ಮತ್ತೆ ಸಿ ಹಾಕಿ ಮುಚ್ಚುತ್ತಾರೆ. ನಮ್ಮ ಪ್ರತಿ ಕೋಶದಲ್ಲೂ ದಿನಾ ನೂರಾರು ಸಿಗಳು ತಾವಾಗಿಯೇ ಯು ಆಗುತ್ತಿರುತ್ತವೆ. ಅದೆಲ್ಲ ಹೀಗೇ ಸದ್ದಿಲ್ಲದೆ ಸರಿಯಾಗುತ್ತದೆ. ಜರ್ಮಿನಲ್ ಸೆಂಟರ್‌ನಲ್ಲಿ ಮಾತ್ರ ಮುಚ್ಚುವ ಮೊದಲೇ ನಕಲು ಶುರುವಾಗಿಬಿಡುತ್ತದೆ. ದಿನನಿತ್ಯದ ಪಾಲಿಮರೇಸ್ ತೂತಿನ ಮುಂದೆ ನಿಲ್ಲುತ್ತದೆ. ಆಗ ರೆವ್1 ಎಂಬ ಪಾಲಿಮರೇಸ್ ಬರುತ್ತದೆ. ಇದರ ಸ್ವಭಾವವೇ ವಿಚಿತ್ರ. ಎದುರಿಗೆ ಏನಿದೆ ಎಂದು ನೋಡುವುದಿಲ್ಲ, ತನ್ನ ಮೈಯ ಆಕಾರದಿಂದಲೇ ಸಿ ಹಾಕುತ್ತದೆ. ತೂತಿನ ಎದುರಿಗೆ ಸಿ ಬಂತು ಎಂದರೆ ಮುಂದಿನ ಸುತ್ತಿನಲ್ಲಿ ಆ ಸಿಗೆ ಜೋಡಿಯಾಗಿ ಜಿ ಬರುತ್ತದೆ. ಎಜಿಸಿ ಇದ್ದದ್ದು ಎಜಿಜಿ ಆಯಿತು. ಎಜಿಜಿ ಎಂದರೆ ಆರ್ಜಿನಿನ್. ಸೆರಿನ್ ಇದ್ದ ಬೆರಳ ತುದಿಯಲ್ಲಿ ಈಗ ಉದ್ದನೆಯ, ಧನ ವಿದ್ಯುತ್ ಹೊತ್ತ ತೋಳು. ಎದುರಿನ ವೈರಾಣುವಿನ ಮೇಲೆ ಋಣ ವಿದ್ಯುತ್ ಇರುವ ಜಾಗ ಸಿಕ್ಕಿದರೆ ಹಿಡಿತ ಒಮ್ಮೆಗೇ ಬಿಗಿಯಾಗಬಹುದು.

ಇದನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿ ಮೇಡಂ. ಅದೇ ಜಾಗ, ಅದೇ ಗಾಯ. ಸಹಿಷ್ಣುತೆ ಇಲ್ಲದಿದ್ದರೆ ಸೆರಿನ್ ಸೆರಿನ್ನಾಗಿಯೇ ಉಳಿಯುತ್ತದೆ. ಸಹಿಷ್ಣುತೆ ಇದ್ದರೆ ಆರ್ಜಿನಿನ್.

ಇದು ಕಾಗದದ ಮೇಲಿನ ಲೆಕ್ಕ ಮಾತ್ರ ಅಲ್ಲ. ಯುಎನ್‌ಜಿ ಇಲ್ಲದ ಇಲಿಗಳನ್ನು 2002ರಲ್ಲಿ ನೋಡಿದಾಗ ಸಿ-ಜಿ ಜೋಡಿಗಳ ಮೇಲಿನ ಬದಲಾವಣೆಗಳಲ್ಲಿ ಸುಮಾರು 95% ಸಿಯಿಂದ ಟಿ, ಜಿಯಿಂದ ಎ ಆಗಿದ್ದವು. ತೂತೇ ಆಗಲಿಲ್ಲ, ಹಾಗಾಗಿ ಊಹೆಗೆ ಅವಕಾಶವೂ ಸಿಗಲಿಲ್ಲ. ರೆವ್1ನ ಅಕ್ಷರ ಹಾಕುವ ಶಕ್ತಿ ಇಲ್ಲದ ಇಲಿಗಳಲ್ಲಿ ಸಿಯಿಂದ ಜಿ ಆಗುವ ಬದಲಾವಣೆ ಬಹುತೇಕ ಕಾಣೆಯಾಗುತ್ತದೆ.

ಇಲ್ಲಿಯವರೆಗೂ ಎ, ಟಿ ಬಂದಿಲ್ಲ, ಅಲ್ವಾ? ಈಗ ಪಕ್ಕದ ಟಿಎಟಿಯನ್ನು ನೋಡಿ. ಅದರಲ್ಲಿ ಸಿ ಇಲ್ಲ. ಎದುರು ಎಳೆಯಲ್ಲೂ ಎ ಮತ್ತು ಟಿ ಮಾತ್ರ, ಸಿ ಇಲ್ಲ. ಎಐಡಿ ಎಷ್ಟು ತಿಪ್ಪರಲಾಗ ಹಾಕಿದರೂ ಈ ಟೈರೊಸಿನ್ನನ್ನು ಬದಲಿಸಲಾರದು. ಆದರೂ ಪ್ರತಿಕಾಯಗಳಲ್ಲಿ ಈ ಟೈರೊಸಿನ್ ಬದಲಾಗಿರುವುದನ್ನು ಕಾಣುತ್ತೇವೆ. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಇರುವುದು ಇಲ್ಲೇ.

ಇದು ಮೂರನೆಯ ಕವಲು. ಎಜಿಸಿಯಲ್ಲಿ ಆದ ಯು-ಜಿ ಜೋಡಿ ಸರಿಹೊಂದದ ಜೋಡಿ. ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಎಂಬ ಪ್ರೋಟೀನ್‌ಗಳು ಇಂಥ ಜೋಡಿಯನ್ನು ಗುರುತು ಹಿಡಿಯುತ್ತವೆ. ಆಮೇಲೆ ಎಕ್ಸೊ1 ಎಂಬ ಕಿಣ್ವ ಆ ಒಂದು ಅಕ್ಷರವನ್ನಷ್ಟೇ ತೆಗೆಯುವುದಿಲ್ಲ. ಸುತ್ತಮುತ್ತಲಿನ ಎಳೆಯನ್ನು ಉದ್ದಕ್ಕೂ ತಿಂದು ಹಾಕುತ್ತದೆ. ಪಕ್ಕದ ಟಿಎಟಿಯೂ ಹೋಯಿತು. ಈಗ ಎದುರು ಎಳೆಯನ್ನು ನೋಡಿಕೊಂಡು ಇಡೀ ಜಾಗವನ್ನು ಮತ್ತೆ ಬರೆಯಬೇಕು. ಸಾಮಾನ್ಯವಾಗಿ ಈ ಕೆಲಸ ಕಟ್ಟುನಿಟ್ಟಿನ ಪಾಲಿಮರೇಸ್‌ನದು. ಪ್ರತಿಕಾಯದ ಜೀನ್‌ನಲ್ಲಿ ಮಾತ್ರ ಪಾಲಿಮರೇಸ್ ಇಟಾ ಬರುತ್ತದೆ.

ಇಟಾ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬಿಸಿಲಿನ ಅತಿನೇರಳೆ ಕಿರಣ ಚರ್ಮದ ಕೋಶಕ್ಕೆ ಬಿದ್ದಾಗ ಅಕ್ಕಪಕ್ಕದ ಎರಡು ಟಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ದಿನನಿತ್ಯದ ಪಾಲಿಮರೇಸ್ ಅಲ್ಲಿ ನಿಲ್ಲುತ್ತದೆ. ಇಟಾ ಬಂದು ಬೆಸೆದ ಎರಡು ಟಿಗಳ ಎದುರಿಗೆ ಸರಿಯಾಗಿ ಎರಡು ಎ ಹಾಕಿ ದಾಟಿಸುತ್ತದೆ. ಇಟಾ ಇಲ್ಲದೆ ಹುಟ್ಟಿದವರಿಗೆ ಕ್ಸೆರೊಡರ್ಮಾ ಪಿಗ್ಮೆಂಟೊಸಮ್ ವೇರಿಯಂಟ್ ಎಂಬ ಕಾಯಿಲೆ. ಬಿಸಿಲು ಬಿದ್ದ ಕಡೆಯೆಲ್ಲ ಚರ್ಮದ ಕ್ಯಾನ್ಸರ್ ಬರುವ ಅಪಾಯ. ಕಾಯಿಲೆಗೆ ಕಾರಣ ಈ ಜೀನ್ ಎಂದು 1999ರಲ್ಲಿ ಗೊತ್ತಾಯಿತು. ಎಐಡಿ ಸಿಕ್ಕಿದ ವರ್ಷವೇ. ಎರಡೂ ಸುದ್ದಿ ಬೇರೆ ಬೇರೆ ಕೋಣೆಗಳಲ್ಲಿ ಬಂದವು. ಒಂದು ರೋಗನಿರೋಧಕ ಶಾಸ್ತ್ರದವರದು, ಇನ್ನೊಂದು ಡಿಎನ್‌ಎ ಹಾನಿ ಓದುವವರದು.

ಇಟಾದ ಇನ್ನೊಂದು ಮುಖ 2000ದಲ್ಲಿ ಹೊರಬಿತ್ತು. ಹಾನಿಯೇ ಇಲ್ಲದ ಒಳ್ಳೆಯ ಡಿಎನ್‌ಎ ಕೊಟ್ಟು ಬರೆಸಿದಾಗ, ತಪ್ಪಿನ ಬಗೆಯನ್ನು ಅನುಸರಿಸಿ 18ರಿಂದ 380 ಅಕ್ಷರಕ್ಕೆ ಒಂದು ತಪ್ಪು ಮಾಡುತ್ತಿತ್ತು! ಹುಳ ತಿಂದ ಗರಿಯನ್ನು ಸರಿಯಾಗಿ ಓದುವ ಲಿಪಿಕಾರ, ಚೆನ್ನಾಗಿರುವ ಗರಿ ಕೊಟ್ಟರೆ ಪಾಠಾಂತರ ಮಾಡಿ ಇಡುತ್ತಾನೆ. ಕಾರಣವೂ ಇದೆ. ಬೆಸೆದ ಎರಡು ಅಕ್ಷರಗಳು ಒಟ್ಟಿಗೆ ಹಿಡಿಸಬೇಕು ಎಂದರೆ ಕಿಣ್ವದ ಒಳಗಿನ ಜಾಗ ವಿಶಾಲವಾಗಿರಬೇಕು. ಜಾಗ ವಿಶಾಲವಾದರೆ ತಪ್ಪು ಜೋಡಿಯೂ ಸುಲಭವಾಗಿ ಕೂರುತ್ತದೆ. ಬರೆದದ್ದನ್ನು ತಿರುಗಿ ನೋಡಿ ಅಳಿಸುವ ಸಾಮರ್ಥ್ಯವೂ ಇಟಾಗೆ ಇಲ್ಲ. ಅದು ಜಾಸ್ತಿ ಎಡವುವುದು ಟಿ ಎದುರಿಗೆ. ಎ ಹಾಕಬೇಕಾದ ಕಡೆ ಜಿ ಹಾಕಿಬಿಡುತ್ತದೆ. ಅದರಲ್ಲೂ ಎ ಅಥವಾ ಟಿ ಆದ ಮೇಲೆ ಬರುವ ಎ ಇದೆಯಲ್ಲ, ಅಲ್ಲಿ. ನಮ್ಮ ಟಿಎಟಿಯ ನಡುವಿನ ಎ ಅಂಥದ್ದೇ. ಅದು ಜಿ ಆದರೆ ಸಿಸ್ಟೀನ್, ಟಿ ಆದರೆ ಫೀನೈಲ್ ಅಲನಿನ್, ಸಿ ಆದರೆ ಸೆರಿನ್.

ಹಾಗಾದರೆ ಇಟಾ ಇಲ್ಲದ ರೋಗಿಗಳ ಪ್ರತಿಕಾಯ ಹೇಗಿರುತ್ತದೆ? ಪೆಟ್ರೀಶಿಯಾ ಗೇರ್‌ಹಾರ್ಟ್ ಮತ್ತು ಸಂಗಡಿಗರು 2001ರಲ್ಲಿ ಅಂಥ ಮೂವರು ರೋಗಿಗಳ ರಕ್ತದಿಂದ ವಿಎಚ್6 ಎಂಬ ಪ್ರತಿಕಾಯ ಜೀನ್ ಓದಿದರು. ಒಟ್ಟು ಮ್ಯುಟೇಶನ್‌ಗಳ ಪ್ರಮಾಣ ಮಾಮೂಲಿಯಷ್ಟೇ ಇತ್ತು. ಆದರೆ ಎ ಮತ್ತು ಟಿ ಮೇಲಿನವು ಕಡಿಮೆಯಾಗಿದ್ದವು, ಜಿ ಮತ್ತು ಸಿ ಮೇಲಿನವು ಏರಿದ್ದವು. ಬಿಸಿಲಿನಿಂದ ಚರ್ಮ ಕಾಯುವ ಕಿಣ್ವವೇ ದುಗ್ಧಗ್ರಂಥಿಯಲ್ಲಿ ಕೂತು ಪ್ರತಿಕಾಯ ತಿದ್ದುತ್ತಿದೆ ಎಂದು ಮನುಷ್ಯರಲ್ಲೇ ಕಂಡಿತು. ಎರಡು ಕೋಣೆಗಳ ನಡುವಿನ ಗೋಡೆ ಬಿದ್ದದ್ದು ಆಗ.

ಇಲ್ಲೊಂದು ಸೂಕ್ಷ್ಮವನ್ನು ಬಿಡಬಾರದು. ಎರಡನೆಯ ಕವಲಿನಲ್ಲಿ ರೆವ್1 ಮಾಡುವುದು ನಿಜವಾದ ಸಹಿಷ್ಣುತೆ. ತೂತು ಇದೆ, ಅದನ್ನು ದಾಟುತ್ತದೆ. ಮೂರನೆಯ ಕವಲಿನಲ್ಲಿ ಇಟಾ ಎದುರಿಗೆ ಇರುವುದು ಒಳ್ಳೆಯ ಎಳೆ. ದಾಟುವ ಹಾನಿಯೇ ಇಲ್ಲ. ಸಹಿಷ್ಣುತೆಯ ಆಯುಧವನ್ನು ಹಾನಿ ಇಲ್ಲದ ಕಡೆಗೆ ತಂದು ಬಳಸಲಾಗಿದೆ. ಬರಹಗಳಲ್ಲಿ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಬಿಡುತ್ತಾರೆ. ನನ್ನ ಪ್ರಕಾರ ಇವನ್ನು ಬೇರೆ ಇಟ್ಟರೇ ವಿಷಯ ತಿಳಿಯಾಗುತ್ತದೆ.

ಆಯುಧವನ್ನು ತರಿಸುವವರು ಯಾರು? ಪಿಸಿಎನ್‌ಎ. ಇದು ಡಿಎನ್‌ಎ ಎಳೆಯನ್ನು ಸುತ್ತುವರಿದ ಬಳೆ. ಪಾಲಿಮರೇಸ್‌ಗಳು ಈ ಬಳೆಗೆ ತಗುಲಿಕೊಂಡೇ ಜಾರುತ್ತಾ ಹೋಗುತ್ತವೆ. ನಕಲು ನಿಂತಾಗ ಬಳೆಯ 164ನೇ ಅಮೈನೊ ಆಮ್ಲವಾದ ಲೈಸಿನ್‌ಗೆ ಯುಬಿಕ್ವಿಟಿನ್ ಎಂಬ ಸಣ್ಣ ಪ್ರೋಟೀನನ್ನು ಅಂಟಿಸುತ್ತಾರೆ. ಒಂದೇ ಒಂದು ಅಂಟಿಸಿದರೆ ಊಹಿಸಿ ಬರೆಯುವ ಪಾಲಿಮರೇಸ್‌ಗಳಿಗೆ ಕರೆ. ಒಂದಕ್ಕೊಂದು ಪೋಣಿಸಿ ಸರ ಮಾಡಿದರೆ ಪಕ್ಕದ ಪ್ರತಿ ನೋಡಿ ಬರೆಯುವ ದಾರಿಗೆ ಕರೆ. ಯೀಸ್ಟ್‌ನಲ್ಲಿ 2002ರಲ್ಲಿ ಈ ಗುಟ್ಟು ಬಯಲಾಯಿತು. ನೆದರ್ಲೆಂಡ್ಸ್‌ನ ಹೈಂಜ್ ಜೇಕಬ್ಸ್ ಅವರ ತಂಡ 164ನೇ ಲೈಸಿನ್ ಬದಲಿಸಿದ ಇಲಿಗಳನ್ನು ಮಾಡಿತು. 2007ರಲ್ಲಿ ಫಲಿತಾಂಶ ಬಂತು: ಆ ಇಲಿಗಳ ಪ್ರತಿಕಾಯ ಜೀನ್‌ನಲ್ಲಿ ಎ-ಟಿ ಮೇಲಿನ ಬದಲಾವಣೆಗಳು ಗಣನೀಯವಾಗಿ ಕುಸಿದಿದ್ದವು. ಒಂದು ಪ್ರೋಟೀನ್‌ನ ಒಂದೇ ಒಂದು ಅಮೈನೊ ಆಮ್ಲ ಬದಲಾಗಿದ್ದಕ್ಕೆ ಇಷ್ಟೆಲ್ಲ!

ಮೂರೂ ಕವಲು ಸರಿ ಎನ್ನಲು ಒಂದು ಚೆಂದದ ಪುರಾವೆ ಇದೆ. ಯುಎನ್‌ಜಿ ಮತ್ತು ಎಂಎಸ್‌ಎಚ್2 ಎರಡೂ ಇಲ್ಲದ ಇಲಿಗಳಲ್ಲಿ ಎರಡನೆಯ ಕವಲೂ ಇಲ್ಲ, ಮೂರನೆಯದೂ ಇಲ್ಲ. ಅಲ್ಲಿ ಉಳಿದದ್ದು ಸಿಯಿಂದ ಟಿ, ಜಿಯಿಂದ ಎ ಮಾತ್ರ. ಎಐಡಿಯ ಬರಿಗಾಲಿನ ಹೆಜ್ಜೆ ಗುರುತು. ಅದನ್ನು ನೋಡಿದರೆ ಎಐಡಿ ಒಂಟಿಯಾಗಿ ಎಷ್ಟು ಬಡವ ಎಂದು ತಿಳಿಯುತ್ತದೆ.

ಊಹಿಸಿ ಬರೆಯುವುದು ಸರಿ, ಪಕ್ಕದ ಪ್ರತಿ ನೋಡಿ ಬರೆಯುವ ದಾರಿಗೆ ಪ್ರತಿಕಾಯದಲ್ಲಿ ಕೆಲಸ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಕೋಳಿಯಲ್ಲಿ. ಕೋಳಿಗೆ ಪ್ರತಿಕಾಯದ ಹಗುರ ಸರಪಳಿಗೆ ಕೆಲಸ ಮಾಡುವ ವಿ ಜೀನ್ ಒಂದೇ. ಆದರೆ ಅದರ ಪಕ್ಕದಲ್ಲಿ ಹೆಚ್ಚುಕಡಿಮೆ ಅದನ್ನೇ ಹೋಲುವ, ತಾವಾಗಿ ಕೆಲಸ ಮಾಡದ 25 ಹುಸಿ ಜೀನ್‌ಗಳಿವೆ. ಕೋಳಿಯ ಬಾಲದ ಬಳಿ ಬರ್ಸಾ ಎಂಬ ಅಂಗವಿದೆ. ಬಿ ಕೋಶದ ಬಿ ಬಂದದ್ದು ಅಲ್ಲಿಂದಲೇ. ಅಲ್ಲಿ ಎಐಡಿ ಗಾಯ ಮಾಡಿದಾಗ ಕೋಶ ಊಹಿಸುವುದಿಲ್ಲ. ಪಕ್ಕದ ಹುಸಿ ಜೀನ್ ನೋಡಿ ಬರೆಯುತ್ತದೆ. ಹುಸಿ ಜೀನ್‌ನಲ್ಲಿರುವ ಪಾಠಾಂತರ ಹಾಗೇ ಇಳಿದು ಬರುತ್ತದೆ. ನ್ಯೂಬರ್ಗರ್ ಅವರ ತಂಡ 2001ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸುವ ಕೋಳಿಯ ಡಿಟಿ40 ಎಂಬ ಬಿ ಕೋಶಗಳಲ್ಲಿ ಈ ನೋಡಿ ಬರೆಯುವ ದಾರಿಗೆ ಬೇಕಾದ ಎಕ್ಸ್‌ಆರ್‌ಸಿಸಿ2, ಎಕ್ಸ್‌ಆರ್‌ಸಿಸಿ3 ಜೀನ್‌ಗಳನ್ನು ಒಂದೊಂದಾಗಿ ತೆಗೆದು ನೋಡಿತು. ಕೋಳಿಯ ಕೋಶ ಮನುಷ್ಯರ ಕೋಶದಂತೆ ಊಹಿಸಿ ಬರೆಯಲು ಶುರು ಮಾಡಿತು! ಎರಡು ವರ್ಷದ ನಂತರ ಅದೇ ಕೋಶಗಳಲ್ಲಿ ರೆವ್1 ತೆಗೆದರು. ಈಗ ಕೋಶಗಳು ಹಾನಿಗೆ ತಡೆಯಲಾರದಾದವು. ಊಹೆಯ ಮ್ಯುಟೇಶನ್‌ಗಳೂ ನಿಂತವು. ಹಾನಿ ಸಹಿಸುವ ಶಕ್ತಿ ಮತ್ತು ಪ್ರತಿಕಾಯ ಬದಲಿಸುವ ಶಕ್ತಿ ಒಂದೇ ದಾರದಲ್ಲಿ ಕಟ್ಟಿವೆ ಎಂದು ಇದಕ್ಕಿಂತ ನೇರವಾಗಿ ತೋರಿಸಿದ ಪ್ರಯೋಗ ನನಗೆ ಗೊತ್ತಿಲ್ಲ.

ಇನ್ನು ಕ್ಯಾನ್ಸರ್ ಪ್ರಶ್ನೆ. ಅಪಾಯ ಇದೆ, ಮುಚ್ಚಿಡುವುದು ಬೇಡ. ಎಐಡಿ ಪ್ರತಿಕಾಯದ ಜೀನ್ ಬಿಟ್ಟು ಬೇರೆ ಜೀನ್‌ಗಳಿಗೂ ಆಗಾಗ ಕೈ ಹಾಕುತ್ತದೆ. ಜರ್ಮಿನಲ್ ಸೆಂಟರ್ ದಾಟಿ ಬಂದ ಆರೋಗ್ಯವಂತರ ಬಿ ಕೋಶಗಳಲ್ಲೂ ಬಿಸಿಎಲ್6 ಎಂಬ ಜೀನ್‌ನಲ್ಲಿ ಮ್ಯುಟೇಶನ್ ಇರುತ್ತದೆ ಎಂದು 1998ರಲ್ಲೇ ಕಂಡಿತ್ತು. ಬರ್ಕಿಟ್ ಲಿಂಫೋಮಾ ಎಂಬ ಕ್ಯಾನ್ಸರ್‌ನಲ್ಲಿ ಮಿಕ್ ಎಂಬ ಜೀನ್ ಕಿತ್ತು ಬಂದು ಪ್ರತಿಕಾಯದ ಜೀನ್ ಪಕ್ಕದಲ್ಲಿ ಕೂರುತ್ತದೆ. ಅದರಲ್ಲೂ ಎಐಡಿಯ ಕೈವಾಡ ಇದೆ. ಬಿ ಕೋಶಗಳ ಲಿಂಫೋಮಾಗಳಲ್ಲಿ ಬಹಳಷ್ಟು ಜರ್ಮಿನಲ್ ಸೆಂಟರ್‌ನಿಂದ ಹುಟ್ಟಿದವು.

ಆದರೂ ನಮ್ಮಲ್ಲಿ ಬಹುತೇಕರಿಗೆ ಏನೂ ಆಗುವುದಿಲ್ಲ. ಏಕೆ? ಡೇವಿಡ್ ಶಾಟ್ಸ್ ಅವರ ತಂಡ 2008ರಲ್ಲಿ ತೋರಿಸಿದ ಸಂಗತಿ ಇಲ್ಲಿ ಮುಖ್ಯ. ಯುಎನ್‌ಜಿ ಮತ್ತು ಎಂಎಸ್‌ಎಚ್2 ತೆಗೆದ ಇಲಿಗಳಲ್ಲಿ ನೋಡಿದಾಗ ಎಐಡಿ ಎಷ್ಟೋ ಜೀನ್‌ಗಳನ್ನು ಮುಟ್ಟಿತ್ತು. ಸಾಮಾನ್ಯ ಇಲಿಗಳಲ್ಲಿ ಆ ಗುರುತುಗಳು ಬಹುಪಾಲು ಕಾಣುವುದೇ ಇಲ್ಲ. ಅಂದರೆ ಬೇರೆ ಜೀನ್‌ಗಳಲ್ಲಿ ಇದೇ ಯುಎನ್‌ಜಿ, ಇದೇ ಎಂಎಸ್‌ಎಚ್2 ಗಾಯವನ್ನು ತಪ್ಪಿಲ್ಲದೆ ಸರಿಮಾಡುತ್ತವೆ. ಪ್ರತಿಕಾಯದ ಜೀನ್‌ನಲ್ಲಿ ಅವೇ ಕಿಣ್ವಗಳು ತಪ್ಪಿಗೆ ಬಾಗಿಲು ತೆರೆಯುತ್ತವೆ. ಒಂದೇ ಕೋಶದ ಒಳಗೆ, ಒಂದೇ ಕಿಣ್ವಕ್ಕೆ ಎರಡು ನಡವಳಿಕೆ. 2021ರಲ್ಲಿ ಫ್ಯಾಮ್72ಎ ಎಂಬ ಪ್ರೋಟೀನ್ ಬಗ್ಗೆ ಎರಡು ತಂಡಗಳು ಬರೆದವು. ಅದು ಯುಎನ್‌ಜಿ ಮಟ್ಟವನ್ನು ತಗ್ಗಿಸಿ ಇಡುತ್ತದೆ. ಯು ಅಕ್ಷರಗಳು ಉಳಿದುಕೊಂಡು ತಪ್ಪು ದಾರಿಗಳಿಗೆ ಸಿಗುವಂತೆ ಮಾಡುತ್ತದೆ. ಎಐಡಿ ಜಾಸ್ತಿ ಕೆಲಸ ಮಾಡುವುದು ಕೋಶಚಕ್ರದ ಮೊದಲ ಘಟ್ಟದಲ್ಲಿ, ನಕಲು ಶುರುವಾಗುವ ಮೊದಲು. ಯಾವ ಗಾಯ ಆ ಹೊತ್ತಿನಲ್ಲೇ ಸರಿಯಾಗುತ್ತದೆ, ಯಾವುದು ನಕಲಿನ ತನಕ ಉಳಿಯುತ್ತದೆ ಎನ್ನುವುದರ ಮೇಲೂ ತಪ್ಪಿನ ಬಗೆ ನಿಂತಿದೆ.

ಕೊನೆಗೆ, ಆ ವಿದ್ಯಾರ್ಥಿನಿಗೆ ಒಂದು ಕೆಲಸ ಕೊಡಿ. ಫ್ರಾನ್ಸ್‌ನ ಮಾಂಟ್‌ಪೆಲಿಯರ್‌ನಿಂದ ನಡೆಯುವ ಐಎಂಜಿಟಿ ಎಂಬ ಸಾರ್ವಜನಿಕ ಡೇಟಾಬೇಸ್‌ನಲ್ಲಿ ವಿಎಚ್3-23ರ ಹುಟ್ಟಿನ ಅಕ್ಷರಮಾಲೆ ಐಜಿಎಚ್‌ವಿ3-23 ಎಂಬ ಹೆಸರಿನಲ್ಲಿ ಸಿಗುತ್ತದೆ. ಅದರಿಂದಲೇ ಹುಟ್ಟಿ ಬದಲಾದ ಪ್ರತಿಕಾಯಗಳ ಅಕ್ಷರಮಾಲೆಗಳೂ ಸಾರ್ವಜನಿಕವಾಗಿ ಬೇಕಾದಷ್ಟಿವೆ. ಹುಟ್ಟಿನದನ್ನು ಮೇಲಿನ ಸಾಲಿನಲ್ಲಿ ಬರೆಯಲಿ. ಬದಲಾದದ್ದನ್ನು ಕೆಳಗೆ, ಒಂದೇ ಇದ್ದ ಕಡೆ ಚುಕ್ಕಿ, ಬೇರೆ ಆದ ಕಡೆ ಅಕ್ಷರ. ನಾನೂ ಇದನ್ನು ಮೊದಲು ಕಲಿತದ್ದು ಹೀಗೇ, ಪ್ರಿಂಟ್ ತೆಗೆದ ಹಾಳೆಯ ಮೇಲೆ ಮೂರು ಬಣ್ಣದ ಪೆನ್ಸಿಲ್ ಹಿಡಿದು. ಸಿಯಿಂದ ಟಿ, ಜಿಯಿಂದ ಎ ಆಗಿದ್ದರೆ ಒಂದು ಬಣ್ಣ. ಸಿ ಅಥವಾ ಜಿ ಬೇರೇನಾದರೂ ಆಗಿದ್ದರೆ ಇನ್ನೊಂದು. ಎ ಅಥವಾ ಟಿ ಬದಲಾಗಿದ್ದರೆ ಮೂರನೆಯದು. ಮೊದಲ ಬಣ್ಣ ಸಾಮಾನ್ಯವಾಗಿ ಎಐಡಿಯ ಯು ಹಾಗೇ ನಕಲಾದ ಜಾಗ. ಎರಡನೆಯ ಬಣ್ಣ ಬಂದ ಕಡೆ ಯುಎನ್‌ಜಿ ಕಿತ್ತ ತೂತನ್ನು ರೆವ್1ನಂಥ ಪಾಲಿಮರೇಸ್ ಊಹೆಯಿಂದ ದಾಟಿರುವ ಸಾಧ್ಯತೆಯೇ ಹೆಚ್ಚು. ಟಿಎಟಿಯ ನಡುವಿನ ಎ ಮೂರನೆಯ ಬಣ್ಣದಲ್ಲಿ ಕಂಡರೆ ಅವಳ ಪ್ರಶ್ನೆಗೆ ಉತ್ತರ ಅವಳ ಹಾಳೆಯ ಮೇಲೆಯೇ ಇದೆ. ಅಲ್ಲಿ ಇಟಾ ಬಂದು ಹೋಗಿದೆ ಎಂದೇ ಬಹುಮಟ್ಟಿಗೆ ಅರ್ಥ.